ವೈರ್ ಕತ್ತರಿಸಿದ ಲೇತ್

ನಿವೃತ್ತನಾದ ಗಂಡಸಿಗೆ ಒಂದು ಹವ್ಯಾಸ ಇರಬೇಕು ಎಂದು ಡಾಕ್ಟರುಗಳು, ಪತ್ರಿಕೆಗಳು, ಹೆಂಡತಿಯರು ಎಲ್ಲರೂ ಹೇಳುತ್ತಾರೆ. ಆ ಹವ್ಯಾಸದ ಸಾಮಾನಿಗೆ ಎಷ್ಟು ಬೀಳುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಪಕ್ಕದ ಮನೆಯ ಮರ್ವಿನ್ ಟ್ರೆಂಬತ್ ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿ, ಒಟ್ಟು ಎರಡೇ ಎರಡು ಕಾಂಗರೂಗಳಿಗೆ ಗುದ್ದಿ, ಗೌರವದಿಂದ ಕೆಲಸ ಬಿಟ್ಟವನು. ಬಿಟ್ಟ ಮರುವಾರವೇ ಅವನಿಗೆ ಲೇತಿನ ಮೇಲೆ ಮರ ಕಡೆಯುವ ಹುಚ್ಚು ಹಿಡಿಯಿತು. ಬಟ್ಟಲು, ಮೆಣಸಿನ ಡಬ್ಬಿ, ಮೇಣದಬತ್ತಿಯ ಕಂಬ, ಹೀಗೆ ಉರುಟಾದದ್ದು ಏನಿದ್ದರೂ ಸರಿ. ಚೌಕದ ಸಾಮಾನನ್ನು ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಅವನು ಶುರು ಮಾಡಿದಾಗ ಒಂದು ಒಳ್ಳೆಯ ಉಳಿಗೆ ಅರವತ್ತು ಡಾಲರ್ ಇತ್ತು. ಅದು ತೊಂಬತ್ತಾಯಿತು, ನೂರಾ ನಲವತ್ತಾಯಿತು, ಆಮೇಲೆ ಅಂಗಡಿಯವರು ಅದನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕತೊಡಗಿದರು. ಮರ್ವಿನ್‌ನ ಹೆಂಡತಿ ಗ್ಲೆನಿಸ್ ಸಂತೆಯಲ್ಲಿ ಟೊಮೇಟೊ ಕೊಳ್ಳುವಾಗ ವ್ಯಾಪಾರಿಯ ಕಣ್ಣಲ್ಲಿ ನೀರು ಬರುವವರೆಗೆ ಚೌಕಾಸಿ ಮಾಡುವ ಹೆಂಗಸು. ಅವಳು ಒಂದು ದಿನ ಗಂಡ ಕಡೆದ ಬಟ್ಟಲನ್ನು ಕೈಯಲ್ಲಿ ಹಿಡಿದು ಬೇಲಿಯ ಹತ್ತಿರ ಬಂದಳು.

"ರೆಕ್ಸ್, ಇದಕ್ಕೆ ಎಷ್ಟು ಬಿದ್ದಿದೆ ಹೇಳು ನೋಡೋಣ? ಉಳಿ, ಸಾಣೆ ಕಲ್ಲು, ಎಣ್ಣೆ, ಕಣ್ಣಿಗೆ ಹಾಕ್ಕೊಳ್ಳೋ ಕನ್ನಡಕ, ಎಲ್ಲಾ ಸೇರಿ ಏಳು ನೂರು ಡಾಲರ್. ಅಷ್ಟೂ ಕೊಟ್ಟ ಮೇಲೆ ಸೋರುತ್ತೆ!"

ಅವತ್ತೇ ಅವಳು ಕಾನೂನು ಹೊರಡಿಸಿದಳು. ಶೆಡ್ಡಿಗೆ ಇನ್ನು ಮುಂದೆ ಬಿಟ್ಟಿ ಸಿಕ್ಕಿದ್ದು ಮಾತ್ರ ಬರಬೇಕು, ದುಡ್ಡು ಕೊಟ್ಟು ತಂದ ಒಂದು ಮೊಳೆಯೂ ಬರಕೂಡದು.

ಕಾನೂನು ಬಂದ ಎರಡನೇ ತಿಂಗಳಿಗೆ ಅವನ ಹಳೆಯ ಲೇತಿನ ಮೋಟಾರು ಸುಟ್ಟುಹೋಯಿತು. ಹೊಸದಕ್ಕೆಂದು ಮರ್ವಿನ್ ಗುಟ್ಟಾಗಿ ಊರಿನವರ ಹುಲ್ಲು ಕತ್ತರಿಸಿ ದುಡ್ಡು ಕೂಡಿಸಲು ಹೊರಟ. ಅವನ ಹತ್ತಿರ ಎರಡು ಸಾವಿರ ಸೇರುವಷ್ಟರಲ್ಲಿ ಲೇತು ಮೂರು ಸಾವಿರಕ್ಕೆ ಹೋಗಿತ್ತು. ಇವನು ಮೂರಕ್ಕೆ ಬಂದಾಗ ಅದು ಮೂರೂಮುಕ್ಕಾಲು ಸಾವಿರಕ್ಕೆ ಏರಿ ಕೂತಿತ್ತು. ಕೊನೆಗೆ ನಾಲ್ಕು ಸಾವಿರದ ಇನ್ನೂರಕ್ಕೆ ಇಬ್ಬರೂ ಸಮಸಮವಾದ ದಿನ ಅವನು ನನ್ನ ಮನೆಗೆ ಓಡಿ ಬಂದ.

"ಇನ್ನು ಕಾಯೋಕ್ಕಾಗಲ್ಲ ಕಣೋ ರೆಕ್ಸ್. ಅದು ಮೇಲೆ ಹೋಗ್ತಾನೇ ಇರುತ್ತೆ, ನಾನು ಮಣ್ಣಿಗೆ ಹೋಗ್ತೀನಿ. ನಾಳೆ ನಿನ್ನ ಪಿಕಪ್ ತೆಗಿ, ಅಡಿಲೇಡಿಗೆ ಹೋಗೋಣ."

"ಗ್ಲೆನಿಸ್‌ಗೆ ಏನು ಹೇಳ್ತೀಯ?"

"ಮಂಡಿ ತೋರಿಸ್ಕೊಂಡು ಬರ್ತೀನಿ, ದೊಡ್ಡ ಡಾಕ್ಟರ ಹತ್ರ ಅಂತೀನಿ. ಆಗ ನೀನು ಗಾಡಿ ಓಡಿಸಿದ್ದಕ್ಕೂ ಒಂದು ಕಾರಣ ಸಿಗುತ್ತೆ."

ನಾನು ಮೂವತ್ತೊಂದು ವರ್ಷ ಈ ಊರಿನ ಅಂಚೆಯವನಾಗಿದ್ದವನು. ಯಾರ ಗುಟ್ಟನ್ನೂ ಯಾರಿಗೂ ಮುಟ್ಟಿಸಿದವನಲ್ಲ. ಆ ಹೆಮ್ಮೆಯಲ್ಲೇ ನಾನೂ ಈ ಕೇಡಿಗೆ ಕೈ ಜೋಡಿಸಿದೆ.

ಶುಕ್ರವಾರ ಲೇತು ಬಂದು ನನ್ನ ಶೆಡ್ಡಿನಲ್ಲಿ ಕಂಬಳಿ ಹೊದ್ದು ಮಲಗಿತು. ರಸೀದಿಯ ಲಕೋಟೆಯನ್ನು ಮರ್ವಿನ್ ಬೇಲಿಯ ಮೇಲಿಂದ ನನ್ನ ಕೈಗೆ ತುರುಕಿ, "ಬಚ್ಚಿಡು. ಏನೇ ಆದ್ರೂ ಗ್ಲೆನಿಸ್ ಕಣ್ಣಿಗೆ ಬೀಳಬಾರದು" ಎಂದ. ನಾನದನ್ನು ನನ್ನ ಫ್ರೀಜರಿನಲ್ಲಿ, ಗಾಳಕ್ಕೆ ಸಿಕ್ಕಿಸುವ ಮೀನಿನ ಚೀಲದ ಅಡಿಗೆ ಇಟ್ಟೆ. ಅಲ್ಲಿ ಕೈ ಹಾಕುವ ಧೈರ್ಯ ನನಗೇ ಇಲ್ಲ. ಬೇಲಿಯ ಹತ್ತಿರ ಲಕೋಟೆ ಕೈ ಬದಲಾಗುವಾಗ ಗ್ಲೆನಿಸ್ ತನ್ನ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದದ್ದು ನಮ್ಮಿಬ್ಬರಿಗೂ ಕಾಣಲಿಲ್ಲ.

ಇನ್ನು ಕೊಂಡ ಲೇತನ್ನು ಬಿಟ್ಟಿ ಲೇತು ಮಾಡುವುದೊಂದು ಬಾಕಿ. ಅದಕ್ಕೆ ಸೋಮವಾರ ಒಳ್ಳೆಯ ಮುಹೂರ್ತವಿತ್ತು. ವರ್ಷಕ್ಕೆರಡು ಸಲ ನಮ್ಮ ಪೋರ್ಟ್ ಟ್ರೆಗೋನಿಯ ಕೌನ್ಸಿಲ್‌ನವರು ದೊಡ್ಡ ಕಸ ಎತ್ತುತ್ತಾರೆ. ಹಳೇ ಸೋಫಾ, ಮುರಿದ ಬೈಸಿಕಲ್, ಕೆಟ್ಟ ಫ್ರಿಜ್ಜು, ಎಲ್ಲವನ್ನೂ ಜನ ಮನೆ ಮುಂದಿನ ಹುಲ್ಲಂಚಿನಲ್ಲಿ ತಂದಿಡುತ್ತಾರೆ. ಲಾರಿ ಬರುವ ಮೊದಲು ಯಾರಿಗೆ ಏನು ಬೇಕೋ ಅವರು ಎತ್ತಿಕೊಂಡು ಹೋಗಬಹುದು. ಕೇಳುವ ಹಾಗಿಲ್ಲ, ಥ್ಯಾಂಕ್ಸ್ ಹೇಳುವ ಹಾಗಿಲ್ಲ, ಎತ್ತಿದ ಮೇಲೆ ಅದು ಎತ್ತಿದವರದ್ದು. ಚರ್ಚಿಗೆ ಹೋಗದವರು ಕೂಡ ನಮ್ಮೂರಲ್ಲಿ ಈ ಧರ್ಮ ಮೀರುವುದಿಲ್ಲ.

ಮರ್ವಿನ್‌ನ ಯೋಜನೆ ಸರಳವಾಗಿತ್ತು. ಹದಿನಾಲ್ಕನೇ ನಂಬರಿನ ಮನೆ ರಜೆಗೆ ಮಾತ್ರ ಬರುವವರದ್ದು, ಮಿಕ್ಕ ದಿನವೆಲ್ಲ ಖಾಲಿ. ಅದರ ಮುಂದೆ ಲೇತು ಇಡುವುದು. ಸಂಜೆ ಐದಕ್ಕೆ ಹೆಂಡತಿಯ ಜತೆ ವಾಕಿಂಗ್ ಹೋಗಿ, "ಅರೆ, ಇದೇನಿದು!" ಎನ್ನುವುದು. ಆ "ಅರೆ"ಯನ್ನು ಅವನು ನನ್ನ ಮುಂದೆ ಆರು ಸಲ ಅಭ್ಯಾಸ ಮಾಡಿ ತೋರಿಸಿದ.

ನಾವು ಲೇತಿಗೆ ಕೆಸರು ಬಳಿದೆವು. ತುಕ್ಕು ಕಾಣಲೆಂದು ಕಡು ಚಹಾ ಸುರಿದೆವು. ಆದರೂ ಅದು ಮದುವೆಗೆ ಹೊರಟ ಗಂಡಿನ ಹಾಗೆ ಹೊಳೆಯುತ್ತಲೇ ಇತ್ತು. ಆಗ ನಾನು ನನ್ನ ಹಾಳು ಬಾಯಿ ಬಿಟ್ಟೆ.

"ಮರ್ವ್, ವೈರ್ ಹಂಗೇ ಇದೆಯಲ್ಲೋ. ವೈರ್ ಇದ್ರೆ ಕೆಲಸ ಮಾಡುತ್ತೆ ಅಂತಾಯ್ತು. ಕೆಲಸ ಮಾಡೋ ಲೇತನ್ನ ಯಾರು ಬಿಸಾಕ್ತಾರೆ?"

ಇದೂ ನಮ್ಮ ಕಡೆಯ ಪದ್ಧತಿಯೇ. ಕೆಟ್ಟ ಯಂತ್ರವನ್ನು ಹೊರಗಿಡುವಾಗ ಅದರ ವೈರ್ ಕತ್ತರಿಸಿ ಇಡುತ್ತಾರೆ, ಗೊತ್ತಿಲ್ಲದೆ ಒಯ್ದವರಿಗೆ ಶಾಕ್ ಹೊಡೆಯದಿರಲಿ ಎಂದು. ಮರ್ವಿನ್ ನನ್ನ ಮುಖ ನೋಡಿದ, ಲೇತಿನ ಮುಖ ನೋಡಿದ, ಕತ್ತರಿ ಕೈಗೆತ್ತಿಕೊಂಡ. ತನ್ನ ಮೊದಲ ಮಗುವಿನ ಹೊಕ್ಕುಳಬಳ್ಳಿ ಕತ್ತರಿಸುವಾಗಲೂ ಅವನು ಅಷ್ಟು ಹಿಂದೆಮುಂದೆ ನೋಡಿರಲಿಲ್ಲವಂತೆ. ಕಣ್ಣು ಮುಚ್ಚಿಕೊಂಡು, ವಾರಂಟಿ ಶುರುವಾಗಿ ಇನ್ನೂ ಮೂರು ದಿನವೂ ತುಂಬದ ಯಂತ್ರದ ವೈರನ್ನು ಕತ್ತರಿಸಿಯೇ ಬಿಟ್ಟ.

ಲೇತನ್ನು ಹದಿನಾಲ್ಕನೇ ಮನೆಯ ಮುಂದಿಟ್ಟು ಬಂದದ್ದಾಯಿತು. ಐದು ಗಂಟೆಗೆ ವಾಕಿಂಗ್ ಹೊರಡುವಾಗ ಗ್ಲೆನಿಸ್‌ಗೆ ಟೋಪಿ ಸಿಗಲಿಲ್ಲ. ಟೋಪಿ ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ಇಬ್ಬರೂ ಹದಿನಾಲ್ಕನೇ ಮನೆ ಮುಟ್ಟುವಾಗ ನಾನು ನನ್ನ ಗೇಟಿನಲ್ಲಿ ಗಿಡಕ್ಕೆ ನೀರು ಹಾಕುವ ನಾಟಕ ಮಾಡುತ್ತ ನಿಂತಿದ್ದೆ. ಮರ್ವಿನ್ ದೂರದಿಂದಲೇ ಕೈ ಎತ್ತಿ "ಅರೆ..." ಎಂದ. ಅಲ್ಲಿ ಒಂದು ಹರಿದ ಹಾಸಿಗೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಏನು ಅರೆ?" ಎಂದಳು ಗ್ಲೆನಿಸ್.

"ಹಾಸಿಗೆ," ಎಂದ ಮರ್ವಿನ್. ಹುಲ್ಲಿನ ಮೇಲೆ ಲೇತಿನ ನಾಲ್ಕು ಕಾಲಿನ ಗುರುತು ನೋಡುತ್ತ, ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಸುಮಾರು ಹೊತ್ತು ನಿಂತ. ಮನೆಗೆ ಬಂದು ಊಟ ಬೇಡ ಎಂದ. ಮದುವೆಯಾದ ನಲವತ್ತೊಂದು ವರ್ಷದಲ್ಲಿ ಅವನು ಊಟ ಬೇಡ ಎಂದದ್ದು ಅದೇ ಮೊದಲು.

ಮರುದಿನ ನನ್ನ ಮನೆಯಿಂದ ಕೌನ್ಸಿಲಿಗೆ ಫೋನು ಮಾಡಿದ.

"ಹುಲ್ಲಂಚಿನಲ್ಲಿಟ್ಟ ಸಾಮಾನು ಯಾರೋ ಒಯ್ದಿದ್ದಾರೆ ಮೇಡಂ."

"ಒಳ್ಳೇದಾಯ್ತಲ್ಲ ಸರ್. ಅದಕ್ಕೇ ತಾನೆ ಇಡೋದು?"

"ಅದು ಬಿಸಾಕೋಕೆ ಇಟ್ಟಿದ್ದಲ್ಲ."

"ಮತ್ಯಾಕೆ ಇಟ್ರಿ?"

"ಸಿಗಲಿ ಅಂತ ಇಟ್ಟಿದ್ದೆ."

"ಯಾರಿಗೆ ಸರ್?"

"ನನಗೇ!"

"ಸರ್, ನಿಮ್ಮ ಜತೆ ಮನೆಯಲ್ಲಿ ಯಾರಾದ್ರೂ ಇದ್ದಾರಾ? ಅವರಿಗೆ ಫೋನ್ ಕೊಡ್ತೀರಾ?" ಎಂದು ಆ ಹೆಂಗಸು ತುಂಬ ಮೆತ್ತಗೆ ಕೇಳಿದಳು. ಮರ್ವಿನ್ ಫೋನಿಟ್ಟ.

ಲೇತನ್ನು ಹುಡುಕುವುದೇನೂ ಕಷ್ಟವಾಗಲಿಲ್ಲ. ಬೀದಿಯ ತುದಿಯ ಬ್ರಾಂಕೊ ವುಲೆಟಿಚ್‌ನ ಶೆಡ್ಡಿನಿಂದ ಗಿರ್ರೆನ್ನುವ ಸದ್ದು ಬರುತ್ತಿತ್ತು. ಬ್ರಾಂಕೊ ಎಂದರೆ ಎತ್ತಿನಂಥ ಆಳು, ಮುಂಜಾನೆಯಿಂದ ಕಿವಿಗೆ ಮುಚ್ಚಳ ಹಾಕಿಕೊಂಡು ಏನಾದರೂ ಕೊಯ್ಯುತ್ತಿರುತ್ತಾನೆ. ಊರಿನ ಸುದ್ದಿ ಅವನಿಗೆ ತಲುಪುವಾಗ ಆರು ತಿಂಗಳಾಗಿರುತ್ತದೆ. ಅವನು ನಮ್ಮನ್ನು ಕೈ ಹಿಡಿದು ಒಳಗೆ ಕರೆದ.

"ಬನ್ರೋ, ನೋಡ್ರೋ! ನಿನ್ನೆ ಸಿಕ್ತು. ಒಂದು ವೈರ್ ಹಾಳಾಗಿದೆ ಅಂತ ಬಿಸಾಕಿದ್ದಾರೆ! ಹತ್ತು ನಿಮಿಷದಲ್ಲಿ ಹೊಸ ವೈರ್ ಹಾಕಿದೆ, ಕುದುರೆ ಥರ ಓಡ್ತಿದೆ. ಇದನ್ನ ಬಿಸಾಕಿದವನು ಎಂಥಾ ಕತ್ತೆ ಇರಬೇಕು ಹೇಳು ಮರ್ವಿನ್?"

"ದೊಡ್ಡ ಕತ್ತೆ," ಎಂದ ಮರ್ವಿನ್ ಸಣ್ಣ ದನಿಯಲ್ಲಿ. "ಮಾರ್ತೀಯಾ?"

"ಮಾರೋದಾ? ಹೊಸದಕ್ಕೆ ಎಷ್ಟಿದೆ ಗೊತ್ತಾ ಈಗ? ನಾನು ನೋಡಿದೆ. ತಲೆ ತಿರುಗಿ ಬಿದ್ದೆ. ಇದನ್ನ ಮಾರಿದ್ರೆ ನನ್ನಂಥಾ ಕತ್ತೆ ಇನ್ನೊಬ್ಬ ಇಲ್ಲ."

ಅಂದಿನಿಂದ ಮರ್ವಿನ್ ದಿನಾ ಬೆಳಿಗ್ಗೆ ಸಂಜೆ ಬ್ರಾಂಕೊನ ಬೇಲಿಯ ಹತ್ತಿರ ಹೋಗಿ ನಿಲ್ಲತೊಡಗಿದ. ಒಳಗೆ ತನ್ನ ಲೇತು ಇನ್ನೊಬ್ಬನ ಕೈಯಲ್ಲಿ ತಿರುಗುವುದನ್ನು ನೋಡಿ ನಿಟ್ಟುಸಿರು ಬಿಟ್ಟು ವಾಪಸಾಗುತ್ತಿದ್ದ. ಊಟ ಸೇರುತ್ತಿರಲಿಲ್ಲ, ನಿದ್ದೆಯೂ ಇರಲಿಲ್ಲ.

ಬುಧವಾರ ಗ್ಲೆನಿಸ್ ನನ್ನನ್ನು ತಡೆದು ಕೇಳಿದಳು, "ರೆಕ್ಸ್, ಅವತ್ತು ಅಡಿಲೇಡಲ್ಲಿ ಡಾಕ್ಟರು ಏನಂದ್ರು?"

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ನಿಜ ಹೇಳಲು ಧೈರ್ಯ ಬರಲಿಲ್ಲ. "ಅದನ್ನ ಅವನ ಬಾಯಲ್ಲೇ ಕೇಳು ಗ್ಲೆನಿಸ್," ಎಂದು ತಲೆ ತಗ್ಗಿಸಿ ಹೊರಟುಬಿಟ್ಟೆ. ಇದು ಎಂಥ ಉತ್ತರವೆಂದು ಆಗ ನನಗೆ ಹೊಳೆಯಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು.

ಗುರುವಾರದಿಂದ ಬೀದಿಯವರೆಲ್ಲ ಒಳ್ಳೆಯವರಾಗಿಬಿಟ್ಟರು. ಬೆಳಿಗ್ಗೆ ಆರನೇ ಮನೆಯಿಂದ ಕುಂಬಳಕಾಯಿ ಸೂಪು ಬಂತು. ಮಧ್ಯಾಹ್ನ ಮೂರು ಮನೆಯಿಂದ ಚೀಸು ಹಾಕಿ ಬೇಯಿಸಿದ ಮೂರು ಲಸಾನ್ಯ ಬಂದವು. ಎಂಟು ವರ್ಷದಿಂದ ಮರ್ವಿನ್‌ನ ಜತೆ ಮಾತು ಬಿಟ್ಟಿದ್ದ ಬೌಲಿಂಗ್ ಕ್ಲಬ್ಬಿನ ಕಾರ್ಯದರ್ಶಿ ಬಂದು, "ಹಳೇದೆಲ್ಲ ಮರೆತುಬಿಡೋಣ ಮರ್ವಿನ್, ಯಾರು ಎಷ್ಟು ದಿನ ಇರ್ತೀವಿ" ಎಂದು ಕೈ ಕುಲುಕಿ ಹೋದ. ಮರ್ವಿನ್ ನನ್ನ ಹತ್ತಿರ ಬಂದು ಕಣ್ಣೊರೆಸಿಕೊಂಡ.

"ಎಲ್ಲರಿಗೂ ಗೊತ್ತಾಗಿದೆ ಕಣೋ ರೆಕ್ಸ್. ಲೇತ್ ಹೋಗಿದ್ದಕ್ಕೆ ಎಷ್ಟು ಮರುಗ್ತಿದ್ದಾರೆ ನೋಡು. ಒಬ್ಬರಾದ್ರೂ ಗ್ಲೆನಿಸ್‌ಗೆ ಚಾಡಿ ಹೇಳಿಲ್ಲ. ಇಂಥಾ ಬೀದಿ ಎಲ್ಲಿ ಸಿಗುತ್ತೆ?"

ನನಗೂ ಹಾಗೆಯೇ ಅನ್ನಿಸಿತು. ನಮ್ಮ ಬೀದಿಯ ಬಗ್ಗೆ ಅಭಿಮಾನ ಉಕ್ಕಿತು. ಅಷ್ಟರಲ್ಲಿ ಪಾದ್ರಿ ಹೆನ್‌ಶಾ ಬಂದು ಮರ್ವಿನ್‌ನ ಹೆಗಲ ಮೇಲೆ ಕೈಯಿಟ್ಟರು.

"ಗೊತ್ತಾಗಿ ಎಷ್ಟು ದಿನ ಆಯ್ತಪ್ಪ?"

"ಸೋಮವಾರ ಸಂಜೆ ಗೊತ್ತಾಯ್ತು ಫಾದರ್."

"ಗ್ಲೆನಿಸ್‌ಗೆ ಹೇಳಿದ್ಯಾ?"

"ಹೇಗೆ ಹೇಳಲಿ? ಎದೆ ಒಡಕೊಳ್ತಾಳೆ. ಅಷ್ಟೊಂದು ದುಡ್ಡು!"

"ದುಡ್ಡಿನ ಮಾತು ಬಿಡು. ಏನೂ ಮಾಡೋಕ್ಕಾಗಲ್ವಂತಾ?"

"ಬ್ರಾಂಕೊನ ಕೈಯಲ್ಲಿದೆ ಫಾದರ್ ಎಲ್ಲಾ."

ಪಾದ್ರಿಗಳು ಆಕಾಶ ನೋಡಿದರು, ಬೀದಿ ತುದಿಯ ಶೆಡ್ಡಿನ ಕಡೆ ನೋಡಿದರು, ರೋಗ ತಲೆಗೇರಿದೆ ಎಂದುಕೊಂಡರೋ ಏನೋ, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಲೇತಿಗಾಗಿ ಪ್ರಾರ್ಥನೆ ಮಾಡುವ ಪಾದ್ರಿ ಬೇರೆಲ್ಲಿ ಸಿಗುತ್ತಾರೆ ಎಂದುಕೊಂಡು ಮರ್ವಿನ್ ಆಮೆನ್ ಹೇಳಿದ.

ಆದರೆ ಅವನನ್ನು ನಿಜವಾಗಿ ಹೆದರಿಸಿದ್ದು ಬೇರೆ ವಿಷಯ. "ಗ್ಲೆನಿಸ್ ಬೈತಾನೇ ಇಲ್ಲ ಕಣೋ," ಎಂದ ಶುಕ್ರವಾರ. "ಬೂಟು ಹಾಕ್ಕೊಂಡು ಕಾರ್ಪೆಟ್ ಮೇಲೆ ನಡೆದೆ. ಸುಮ್ನೆ ನೋಡಿ ನಕ್ಕಳು. ಕಾಲಿಗೆ ಕಂಬಳಿ ಹೊದಿಸಿದಳು. ಅವಳಿಗೇನೋ ಆಗಿದೆ, ರೆಕ್ಸ್. ಕೇಳೋಕೂ ಭಯ."

ಶುಕ್ರವಾರವೇ ವೈಯಾಲಾ ಊರಿನಿಂದ ಗ್ಲೆನಿಸ್‌ಳ ಅಕ್ಕ ಬೆರಿಲ್ ಎರಡು ಪೆಟ್ಟಿಗೆಯೊಂದಿಗೆ ಬಂದಿಳಿದಳು. ಶನಿವಾರ ಬೆಳಿಗ್ಗೆ ಒಂದು ಕಪ್ಪು ಉಡುಪು ಹಿಡಿದು ನನ್ನ ಬಾಗಿಲು ತಟ್ಟಿದಳು.

"ರೆಕ್ಸ್, ನಿಮ್ಮ ಮನೇಲಿ ಇಸ್ತ್ರಿಪೆಟ್ಟಿಗೆ ಇದ್ಯಾ? ಅಲ್ಲಿ ಮಾಡಿದ್ರೆ ಗ್ಲೆನಿಸ್ ನೋಡಿಬಿಡ್ತಾಳೆ. ಈಗ್ಲೇ ರೆಡಿ ಮಾಡಿಟ್ಕೊಂಡ್ರೆ ಆಮೇಲೆ ಗಡಿಬಿಡಿ ಇರಲ್ಲ."

"ಯಾವುದಕ್ಕೆ ರೆಡಿ?"

"ಇನ್ನೂ ಯಾಕೆ ಮುಚ್ಚಿಡ್ತೀರಿ? ಅವತ್ತು ಆಸ್ಪತ್ರೆಗೆ ಕರ್ಕೊಂಡು ಹೋದೋರು ನೀವು. ರಿಪೋರ್ಟ್ ಲಕೋಟೆ ಬಚ್ಚಿಟ್ಟೋರು ನೀವು. ಗ್ಲೆನಿಸ್ ಕಿಟಕೀಲಿ ಎಲ್ಲಾ ನೋಡಿದ್ದಾಳೆ. ನಿಜ ಹೇಳಿ, ಕ್ರಿಸ್‌ಮಸ್‌ವರೆಗೆ ಇರ್ತಾನಾ ಮರ್ವಿನ್?"

ಸೂಪು, ಲಸಾನ್ಯ, ಪಾದ್ರಿ, ಎಲ್ಲ ಒಟ್ಟಿಗೆ ಅರ್ಥವಾಯಿತು. ಆ ಹೆಂಗಸು ಐದು ದಿನದಿಂದ ಗಂಡನನ್ನು ಕಳೆದುಕೊಳ್ಳುತ್ತಿದ್ದೇನೆ ಎಂದು ಒಳಗೊಳಗೇ ಬೇಯುತ್ತಿದ್ದಾಳೆ. ಅದೂ ನನ್ನ ಫ್ರೀಜರಿನಲ್ಲಿರುವ ಒಂದು ರಸೀದಿಗೋಸ್ಕರ. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಗ್ಲೆನಿಸ್ ಎಲ್ಲಿ?"

"ಬ್ರಾಂಕೊನ ಮನೆಗೆ ಹೋದ್ಲು, ದೋಣಿ ತಗೊಂಡು. ಮರ್ವಿನ್‌ಗೆ ಆ ಲೇತ್ ಮೇಲೆ ಆಸೆಯಂತೆ. ಕೊನೇ ಆಸೆ."

ನಾನು ಫ್ರೀಜರಿನಿಂದ ಲಕೋಟೆ ಕಿತ್ತುಕೊಂಡು ಚಪ್ಪಲಿಯಲ್ಲೇ ಓಡಿದೆ. ಆ ದೋಣಿ ಗ್ಲೆನಿಸ್‌ಳ ಅಪ್ಪನದು, ಅಲ್ಯೂಮಿನಿಯಂದು. ಅಪ್ಪ ಸತ್ತ ಮೇಲೆ ಅವಳು ಅದನ್ನು ವರ್ಷಕ್ಕೊಮ್ಮೆ ತೊಳೆದು ಒರೆಸಿ ಇಡುತ್ತಾಳೆ. ಏಡಿ ಹಿಡಿಯಲು ಬೇಕೆಂದು ಬ್ರಾಂಕೊ ಹನ್ನೊಂದು ವರ್ಷ ಕೇಳಿದ್ದಾನೆ, ಅವಳು ಹನ್ನೊಂದು ವರ್ಷ ಬಾಗಿಲು ಮುಚ್ಚಿದ್ದಾಳೆ.

ಬ್ರಾಂಕೊನ ಅಂಗಳದಲ್ಲಿ ಅರ್ಧ ಬೀದಿ ಸೇರಿತ್ತು. ದೋಣಿ ಟ್ರೇಲರ್ ಮೇಲಿತ್ತು. ಗ್ಲೆನಿಸ್ ಅದರ ಮೂತಿಯ ಮೇಲೆ ಕೈಯಿಟ್ಟು ನಿಂತಿದ್ದಳು.

"ದೋಣಿಗೆ ಲೇತಾ?" ಬ್ರಾಂಕೊ ಕಿವಿಯ ಮುಚ್ಚಳ ಸರಿಸಿ ಕೇಳುತ್ತಿದ್ದ. "ಚೌಕಾಸಿ ಇಲ್ವಾ? ನೀನಾ?"

"ಇಲ್ಲ. ತಗೋ. ಯಾಕೆ ಅಂತ ಕೇಳಬೇಡ." ಗಂಡನ ಕಾಯಿಲೆ ತೋರಿಸಿ ಬೆಲೆ ಇಳಿಸಿಕೊಳ್ಳುವುದಿಲ್ಲ ಎಂದು ಅವಳು ಬೆರಿಲ್‌ಗೆ ಮೊದಲೇ ಹೇಳಿದ್ದಳಂತೆ.

ಅಷ್ಟರಲ್ಲಿ ಸಮುದ್ರದ ಕಡೆಯಿಂದ ಮರ್ವಿನ್ ಬಂದ. ದೋಣಿ ನೋಡಿದ, ಹೆಂಡತಿಯ ಕೈ ನೋಡಿದ, ಏನು ನಡೆಯುತ್ತಿದೆ ಎಂದು ಗೊತ್ತಾಯಿತು. ಗುಟ್ಟು, ಮರ್ಯಾದೆ ಎಲ್ಲ ಬಿಟ್ಟು ಕಿರುಚಿದ.

"ಕೊಡಬೇಡ ಗ್ಲೆನ್! ಅಪ್ಪನ ದೋಣಿ ಕೊಡಬೇಡ! ಆ ಲೇತ್ ನಂದೇ! ನಾನೇ ದುಡ್ಡು ಕೊಟ್ಟು ತಂದಿದ್ದು!"

"ನಿಂದಾ?" ಎಂದ ಬ್ರಾಂಕೊ. "ಹೊಸದಾ? ಹಂಗಾದ್ರೆ ವೈರ್ ಕತ್ತರಿಸಿದ್ದು ಯಾರು?"

"ನಾನೇ!"

ಅಂಗಳದಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾದ್ರಿಗಳು ತಲೆಯಾಡಿಸಿದರು. ಗ್ಲೆನಿಸ್ ಹತ್ತಿರ ಬಂದು ಮಗುವನ್ನು ಸಮಾಧಾನ ಮಾಡುವ ಹಾಗೆ ಅವನ ಕೈ ಹಿಡಿದಳು.

"ಹೌದು ಮರ್ವ್, ನಿಂದೇ. ಎಲ್ಲಾ ಲೇತೂ ನಿಂದೇ. ಬಿಸಿಲಲ್ಲಿ ನಿಲ್ಲಬೇಡ, ಬಾ."

"ನಾನು ನಿಜ ಹೇಳ್ತಿದ್ದೀನಿ! ರೆಕ್ಸ್, ಹೇಳೋ!"

ನಾನು ಏದುಸಿರು ಬಿಡುತ್ತ ಲಕೋಟೆ ಎತ್ತಿ ಹಿಡಿದೆ. ಅದನ್ನು ಕಂಡದ್ದೇ ಗ್ಲೆನಿಸ್ ಎರಡು ಹೆಜ್ಜೆ ಹಿಂದೆ ಸರಿದಳು. "ಬೇಡ. ಇಲ್ಲಿ ಬೇಡ ರೆಕ್ಸ್. ಎಲ್ಲರ ಎದುರಿಗೆ ಬೇಡ." ಮೀನಿನ ವಾಸನೆಗೆ ಸುತ್ತಲಿನವರು ಮೂಗು ಮುಚ್ಚಿಕೊಂಡರು, ಅವಳಿಗೆ ಅದೂ ಬಡಿಯಲಿಲ್ಲ.

"ಗ್ಲೆನಿಸ್, ಓದ್ತೀನಿ, ಕೇಳು," ಎಂದೆ. "ಮರದ ಲೇತ್, ಒಂದು. ಬೆಲೆ ನಾಲ್ಕು ಸಾವಿರದ ಇನ್ನೂರು ಡಾಲರ್. ವಾರಂಟಿ ಎರಡು ವರ್ಷ. ಗಿರಾಕಿಯ ಹೆಸರು ಎಂ. ಟ್ರೆಂಬತ್."

ಅವಳು ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿದಳು. ಲಕೋಟೆಯೊಳಗೆ ಬೆರಳು ಹಾಕಿ ಇನ್ನೇನಾದರೂ ಇದೆಯೇ ಎಂದು ನೋಡಿದಳು.

"ಇದು ಆಸ್ಪತ್ರೆದಲ್ವಾ?"

"ಯಾವ ಆಸ್ಪತ್ರೆ?" ಎಂದ ಮರ್ವಿನ್.

"ಅವತ್ತು ಡಾಕ್ಟರ ಹತ್ರ ಹೋಗಿದ್ದು?"

"ಹೋಗಲೇ ಇಲ್ಲ, ಗ್ಲೆನ್. ಸುಳ್ಳು ಹೇಳಿದೆ. ಮಂಡಿ ಚೆನ್ನಾಗೇ ಇದೆ."

"ಊಟ ಬಿಟ್ಟಿದ್ದು?"

"ಲೇತ್ ಹೋಯ್ತಲ್ಲ ಅಂತ."

"ಬೇರೆ ಏನೂ ಇಲ್ವಾ? ಎಲ್ಲೂ? ಒಳಗೆ ಎಲ್ಲೂ ಏನೂ ಇಲ್ವಾ?"

"ಏನಿರುತ್ತೆ? ಹಸಿವು ಇದೆ, ಅಷ್ಟೆ."

ಗ್ಲೆನಿಸ್ ಬ್ರಾಂಕೊನ ಹುಲ್ಲಿನ ಮೇಲೆ ಧೊಪ್ಪೆಂದು ಕೂತಳು. ಚೀಟಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಅಂಗಳದಲ್ಲಿ ಯಾರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮರ್ವಿನ್‌ಗೆ ಈಗ ಎಲ್ಲ ಅರ್ಥವಾಯಿತು. ಪಕ್ಕದಲ್ಲಿ ಕೂತು, ಅವಳ ಬೆನ್ನ ಮೇಲೆ ಕೈಯಿಟ್ಟು, ಬರುವ ಬೈಗುಳಕ್ಕೆ ಕುತ್ತಿಗೆ ಒಡ್ಡಿ ಕಾದ.

ಅವಳು ಮೂಗೊರೆಸಿಕೊಂಡು ಚೀಟಿಯನ್ನು ಇನ್ನೊಮ್ಮೆ ಓದಿದಳು. "ಎಷ್ಟು?"

"ನಾಲ್ಕು ಸಾವಿರದ ಇನ್ನೂರು," ಎಂದ ಮರ್ವಿನ್, ಕಣ್ಣು ಮುಚ್ಚಿಕೊಂಡು.

"ಇಷ್ಟೇನಾ?" ಎಂದಳು ಗ್ಲೆನಿಸ್.

ಬ್ರಾಂಕೊಗೆ ತಡೆಯಲಾಗಲಿಲ್ಲ. "ಈಗ ಇನ್ನೂ ಮುನ್ನೂರು ಜಾಸ್ತಿ ಆಗಿದೆ. ನಾನು ನೋಡಿದೀನಿ."

"ಕೇಳಿದ್ಯಾ ಬೆರಿಲ್?" ಓಡೋಡಿ ಬಂದು ನಿಂತಿದ್ದ ಅಕ್ಕನ ಕಡೆ ಗ್ಲೆನಿಸ್ ತಿರುಗಿದಳು, ಅಳುತ್ತಲೇ ನಗುತ್ತಿದ್ದಳು. "ಒಂದೇ ವಾರದಲ್ಲಿ ಮುನ್ನೂರು ಡಾಲರ್ ಉಳಿಸಿದ್ದಾನೆ ನನ್ನ ಗಂಡ!"

ಬ್ರಾಂಕೊ ತಾನು ಹಾಕಿದ ವೈರ್ ಸಮೇತ ಲೇತನ್ನು ಹೊತ್ತು ತಂದುಕೊಟ್ಟ. ಅದಕ್ಕೆ ಬದಲಾಗಿ ತಿಂಗಳಿಗೊಂದು ಭಾನುವಾರ ದೋಣಿ ಕೊಡುವುದೆಂದೂ, ಸಿಕ್ಕ ಏಡಿಯಲ್ಲಿ ಅರ್ಧ ಟ್ರೆಂಬತ್‌ರ ಮನೆಗೆಂದೂ ಮಾತಾಯಿತು. ಮೊದಲು ಕಾಲು ಭಾಗ ಎಂದಿದ್ದ ಬ್ರಾಂಕೊನನ್ನು ಅರ್ಧಕ್ಕೆ ತಂದವಳು ಗ್ಲೆನಿಸ್.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಪಕ್ಕದ ಮನೆಯಿಂದ ಶುರುವಾಯಿತು. ಸುಳ್ಳುಗಾರ, ಕಳ್ಳ, ನಾಲ್ಕು ಸಾವಿರದ ಇನ್ನೂರು, ಕಾರ್ಪೆಟ್ ಮೇಲೆ ಬೂಟು, ಹೊಸ ವೈರ್ ಕತ್ತರಿಸೋ ಬುದ್ಧಿಗೇಡಿ, ಆ ರೆಕ್ಸ್ ಒಬ್ಬ ಮುಠ್ಠಾಳ, ಹೀಗೆ ಒಂದೂ ಬಿಡದೆ ಸಾಲಾಗಿ ಬಂತು. ಒಂಬತ್ತಾದರೂ ಮುಗಿಯಲಿಲ್ಲ. ನಾನು ಬೇಲಿಯಿಂದ ಇಣುಕಿದೆ. ಮರ್ವಿನ್ ಬಿಸಿಲಿನಲ್ಲಿ ಕೂತು ಯಾರದ್ದೋ ಮನೆಯ ಲಸಾನ್ಯವನ್ನು ಎರಡನೇ ತಟ್ಟೆಗೆ ಹಾಕಿಸಿಕೊಳ್ಳುತ್ತಿದ್ದ. ಹಾಕುತ್ತಿದ್ದವಳು ಗ್ಲೆನಿಸ್, ಬಾಯಿ ನಿಲ್ಲಿಸಿರಲಿಲ್ಲ. ಅವನು ನನ್ನನ್ನು ಕಂಡು ಬಾಯಿತುಂಬ ನಕ್ಕ.

"ಕೇಳಿಸ್ತಿದ್ಯಾ ರೆಕ್ಸ್?" ಎಂದ. "ಅವಳು ಹುಷಾರಾಗಿದ್ದಾಳೆ."